ನೃತ್ಯವೃತ್ತಿಯ ಜಮಾ-ಖರ್ಚು

ಸಣ್ಣ ಉದ್ಯಮ ಎಂದೊಡನೆ ದೊಡ್ಡಬಳ್ಳಾಪುರ, ಮಾಕಳಿದುರ್ಗದ ಸುತ್ತಮುತ್ತಲಿನವರಿಗೆ ಮೊದಲು ನೆನಪಿಗೆ ಬರುವುದು ವಿದ್ಯುತ್ ಮಗ್ಗ. ಅನಂತರ ಸಿದ್ಧ ಉಡುಪು, ಯಂತ್ರದ ಬಿಡಿಭಾಗ, ಇಟ್ಟಿಗೆ ಗೂಡು ಇತ್ಯಾದಿ. ಈ ಪಟ್ಟಿಯಲ್ಲಿ ನೃತ್ಯವನ್ನು ಯಾರೂ ಸೇರಿಸುವುದಿಲ್ಲ. ಆದರೆ ಕಳೆದ ಹಲವು ವರ್ಷಗಳಿಂದ ನನ್ನ ಕಚೇರಿಗೆ ಬರುವ ಕಕ್ಷಿದಾರರಲ್ಲಿ ನೃತ್ಯಶಿಕ್ಷಕರೂ, ನೃತ್ಯಸಂಯೋಜಕರೂ, ವೇದಿಕೆಯ ಕಲಾವಿದರೂ ಇದ್ದಾರೆ. ಅವರ ಲೆಕ್ಕಪತ್ರಗಳನ್ನು ನೋಡುತ್ತ ನೋಡುತ್ತ, ಇವರೂ ನಮ್ಮ ವರ್ತಕ ಬಂಧುಗಳಂತೆಯೇ ಒಂದು ಸಣ್ಣ ಘಟಕವನ್ನು ನಡೆಸುತ್ತಿದ್ದಾರೆ ಎಂಬುದು ನನಗೆ ಸ್ಪಷ್ಟವಾಗಿದೆ. ಬಂಡವಾಳವಿದೆ, ಕಚ್ಚಾಸಾಮಗ್ರಿಯಿದೆ, ಕೂಲಿಯಿದೆ, ಸವಕಳಿಯಿದೆ, ಬಾಕಿ ವಸೂಲಿಯ ತಲೆನೋವಂತೂ ಧಾರಾಳವಾಗಿದೆ. ವ್ಯತ್ಯಾಸವಿಷ್ಟೇ: ಇಲ್ಲಿ ಯಂತ್ರವೆಂದರೆ ಸ್ವಂತ ಶರೀರ. ಅದನ್ನು ಬ್ಯಾಂಕಿಗೆ ಅಡವಿಡಲಾಗದು, ಹಳೆಯದಾದಾಗ ಗುಜರಿಗೂ ಮಾರಲಾಗದು.

ನಮ್ಮ ಓದುಗರು ಕಂಪನಿಯ ವಾರ್ಷಿಕೋತ್ಸವಕ್ಕೆ, ಅಂಗಡಿಯ ಉದ್ಘಾಟನೆಗೆ, ಗಣೇಶೋತ್ಸವಕ್ಕೆ, ಮಕ್ಕಳ ಮದುವೆಗೆ ನೃತ್ಯತಂಡಗಳನ್ನು ಕರೆಸುವವರೇ ಆಗಿದ್ದಾರೆ. ಹಣ ಕೊಡುವ ಕಡೆಯಲ್ಲಿ ನಿಂತವರಿಗೆ ಪಡೆಯುವವರ ಲೆಕ್ಕವೂ ತಿಳಿದಿರುವುದು ಒಳ್ಳೆಯದೆಂಬ ಉದ್ದೇಶದಿಂದ ಈ ಲೇಖನ.

ಯಜಮಾನರು ಬದಲಾದ ಬಗೆ

ಹಿಂದೆ ನಮ್ಮ ನಾಡಿನಲ್ಲಿ ನೃತ್ಯಕ್ಕೆ ಇಬ್ಬರು ಯಜಮಾನರಿದ್ದರು: ದೇವಸ್ಥಾನ ಮತ್ತು ಅರಮನೆ. ದೇವಸ್ಥಾನದ ಸೇವೆಗೆ ಇನಾಮು, ಉಂಬಳಿ, ಪಡಿತರಗಳ ಆಧಾರವಿತ್ತು. 1909ರಲ್ಲಿ ಮೈಸೂರು ಸಂಸ್ಥಾನದ ಸರ್ಕಾರವು ಮುಜರಾಯಿ ದೇವಾಲಯಗಳಲ್ಲಿ ದೇವದಾಸಿಯರ ಸೇವೆಯನ್ನು ನಿಲ್ಲಿಸಿತು. ಸಾಮಾಜಿಕ ದೃಷ್ಟಿಯಿಂದ ಅದು ಅಗತ್ಯವಾದ ಕ್ರಮವೇ ಸರಿ. ಆದರೆ ವೃತ್ತಿಯ ದೃಷ್ಟಿಯಿಂದ ಹೇಳುವುದಾದರೆ, ಒಂದು ಸಮುದಾಯದ ನಿಶ್ಚಿತ ವರಮಾನವು ಪರ್ಯಾಯ ವ್ಯವಸ್ಥೆಯಿಲ್ಲದೆ ನಿಂತುಹೋಯಿತು. ಉಳಿದುದು ಅರಮನೆ. ಜಟ್ಟಿ ತಾಯಮ್ಮನವರ ಶಿಷ್ಯೆ ಕೆ. ವೆಂಕಟಲಕ್ಷಮ್ಮನವರು ಮೈಸೂರು ಅರಮನೆಯಲ್ಲಿ ದಶಕಗಳ ಕಾಲ ಆಸ್ಥಾನ ನರ್ತಕಿಯಾಗಿದ್ದರು. ಸಂಸ್ಥಾನ ವಿಲೀನವಾದ ಮೇಲೆ ಆ ಬಾಗಿಲೂ ಮುಚ್ಚಿತು. 1965ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ನೃತ್ಯ ವಿಭಾಗ ಪ್ರಾರಂಭವಾದಾಗ ಅವರು ಅಲ್ಲಿ ರೀಡರ್ ಆಗಿ ನೇಮಕಗೊಂಡು 1974ರಲ್ಲಿ ನಿವೃತ್ತರಾದರು. ಅರಮನೆಯ ಕಲಾವಿದೆ ತನ್ನ ಐವತ್ತರ ವಯಸ್ಸನ್ನು ದಾಟಿದ ಮೇಲೆ ತಿಂಗಳ ಸಂಬಳದ ಅಧ್ಯಾಪಕಿಯಾದರು! 1992ರಲ್ಲಿ ಅವರಿಗೆ ಪದ್ಮಭೂಷಣ ದೊರೆಯಿತು.

ಬೆಂಗಳೂರಿನಲ್ಲಿ ಯು.ಎಸ್. ಕೃಷ್ಣರಾಯರು ಮತ್ತೊಂದು ಮಾರ್ಗವನ್ನು ಹಿಡಿದರು. ಸೆಂಟ್ರಲ್ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕರಾಗಿದ್ದುಕೊಂಡೇ ಪತ್ನಿ ಚಂದ್ರಭಾಗಾದೇವಿಯವರೊಡನೆ ಭರತನಾಟ್ಯ ಪ್ರದರ್ಶನ ನೀಡಿದರು, ಶಿಷ್ಯರನ್ನು ತಯಾರು ಮಾಡಿದರು. ಸಂಬಳ ಒಂದು ಕಡೆ, ಗೆಜ್ಜೆ ಇನ್ನೊಂದು ಕಡೆ. ಇಂದಿಗೂ ನಮ್ಮ ಶಾಸ್ತ್ರೀಯ ನರ್ತಕರಲ್ಲಿ ಬಹಳಷ್ಟು ಮಂದಿ ಅನುಸರಿಸುವುದು ಈ ಮಾರ್ಗವನ್ನೇ. ಹಗಲು ಬ್ಯಾಂಕು ಅಥವಾ ಸಾಫ್ಟ್‌ವೇರ್ ಕಂಪನಿ, ಸಂಜೆ ತರಗತಿ, ಶನಿವಾರ ಭಾನುವಾರ ಪ್ರದರ್ಶನ.

ನೃತ್ಯಸಂಯೋಜನೆಯನ್ನೇ ಪ್ರತ್ಯೇಕ ವೃತ್ತಿಯಾಗಿ ಕಲಿತು ಕಲಿಸಿದ ಕೀರ್ತಿ ಬೆಂಗಳೂರಿನಲ್ಲಿ ಬೆಳೆದ ಡಾ. ಮಾಯಾ ರಾವ್ ಅವರದು. 1928ರಲ್ಲಿ ಜನಿಸಿದ ಅವರು ಸೋಹನ್ ಲಾಲರಲ್ಲಿ ಕಥಕ್ ಆರಂಭಿಸಿ, ದೆಹಲಿಯಲ್ಲಿ ಶಂಭು ಮಹಾರಾಜರ ಶಿಷ್ಯೆಯಾದರು. 1960ರಲ್ಲಿ ವಿದ್ಯಾರ್ಥಿವೇತನದ ಮೇಲೆ ಸೋವಿಯತ್ ಒಕ್ಕೂಟಕ್ಕೆ ತೆರಳಿ, ಮಾಸ್ಕೋದಲ್ಲಿ ರೋಸ್ತಿಸ್ಲಾವ್ ಜಖಾರೋವ್ ಅವರ ಬಳಿ ಬ್ಯಾಲೆ ಸಂಯೋಜನೆಯನ್ನು ಅಭ್ಯಾಸ ಮಾಡಿದರು. ಹಿಂದಿರುಗಿದ ಮೇಲೆ 1964ರಲ್ಲಿ ಕಮಲಾದೇವಿ ಚಟ್ಟೋಪಾಧ್ಯಾಯರ ಬೆಂಬಲದಿಂದ ದೆಹಲಿಯಲ್ಲಿ ಸಂಸ್ಥೆಯನ್ನು ಕಟ್ಟಿದರು. 1987ರಲ್ಲಿ ಅದನ್ನು ಬೆಂಗಳೂರಿಗೆ ತಂದರು. ನಾಟ್ಯ ಇನ್‌ಸ್ಟಿಟ್ಯೂಟ್ ಆಫ್ ಕಥಕ್ ಅಂಡ್ ಕೊರಿಯೋಗ್ರಫಿ ಎಂಬುದೇ ಆ ಸಂಸ್ಥೆ. 2014ರಲ್ಲಿ ಅವರು ನಿಧನರಾದರು. ಅಲ್ಲಿ ಕಲಿಸುವ ವಿಷಯಗಳಲ್ಲಿ ಹೆಜ್ಜೆಗಳ ಜೊತೆಗೆ ವೇದಿಕೆಯ ವಿನ್ಯಾಸ, ಬೆಳಕು, ವಸ್ತ್ರ, ಸಂಗೀತದ ಆಯ್ಕೆ ಎಲ್ಲವೂ ಸೇರುತ್ತವೆ. ನಮ್ಮ ಪರಿಭಾಷೆಯಲ್ಲಿ ಹೇಳುವುದಾದರೆ, ನರ್ತಕ ನುರಿತ ಕೆಲಸಗಾರ, ಸಂಯೋಜಕ ಉತ್ಪಾದನಾ ವ್ಯವಸ್ಥಾಪಕ. ಈ ವ್ಯತ್ಯಾಸವನ್ನು ಕಾರ್ಯಕ್ರಮ ಏರ್ಪಡಿಸುವ ಅನೇಕರು ಇನ್ನೂ ಅರಿತಿಲ್ಲವಾದ್ದರಿಂದ, ಸಂಯೋಜಕನ ಶುಲ್ಕವೆಂದು ಬಿಲ್ಲಿನಲ್ಲಿ ಪ್ರತ್ಯೇಕ ಸಾಲು ಬರೆದರೆ "ಇದೇಕೆ?" ಎಂಬ ಪ್ರಶ್ನೆ ಬರುತ್ತದೆ.

ಹೆಸರಘಟ್ಟದ ಪ್ರಯೋಗ

ಮಾಕಳಿದುರ್ಗದಿಂದ ದಕ್ಷಿಣಕ್ಕೆ, ದೊಡ್ಡಬಳ್ಳಾಪುರವನ್ನು ದಾಟಿ ಹೋದರೆ ಸಿಗುವ ಹೆಸರಘಟ್ಟದ ಬಳಿ ನೃತ್ಯಗ್ರಾಮವಿದೆ. ನೃತ್ಯವನ್ನೇ ಬದುಕಾಗಿ ಮಾಡಿಕೊಂಡು ಒಂದು ಸಂಸ್ಥೆ ನಿಲ್ಲಬಲ್ಲದೆ ಎಂಬ ಪ್ರಶ್ನೆಗೆ ನಮ್ಮ ಸಮೀಪದಲ್ಲಿಯೇ ನಡೆದಿರುವ ಅತಿ ದೀರ್ಘ ಪ್ರಯೋಗ ಅದು. ಆದುದರಿಂದ ಸ್ವಲ್ಪ ವಿವರವಾಗಿ ನೋಡೋಣ.

ಸ್ಥಾಪಕಿ ಪ್ರೋತಿಮಾ ಬೇಡಿ. ಮುಂಬಯಿಯಲ್ಲಿ ರೂಪದರ್ಶಿಯಾಗಿದ್ದ ಅವರು 1975ರಲ್ಲಿ ಒಡಿಸ್ಸಿ ಪ್ರದರ್ಶನವೊಂದನ್ನು ಕಂಡು, ಆಗಲೇ ಇಪ್ಪತ್ತಾರು ದಾಟಿದ್ದರೂ, ಕೇಳುಚರಣ್ ಮೊಹಾಪಾತ್ರರ ಬಳಿ ಕಲಿಕೆಗೆ ಕುಳಿತರು. ಆ ವಯಸ್ಸಿನಲ್ಲಿ ಶಾಸ್ತ್ರೀಯ ನೃತ್ಯ ಆರಂಭಿಸುವುದೆಂದರೆ, ಗಿರಾಕಿಯೂ ಇಲ್ಲದ, ಸಾಲವೂ ಸಿಗದ ಕಾಲದಲ್ಲಿ ಕಾರ್ಖಾನೆ ತೆರೆದಂತೆಯೇ. ಮುಂದೆ ಕರ್ನಾಟಕ ಸರ್ಕಾರದಿಂದ ಗುತ್ತಿಗೆಯ ಮೇಲೆ ಜಮೀನು ಪಡೆದು, ವಾಸ್ತುಶಿಲ್ಪಿ ಜೆರಾರ್ಡ್ ಡ ಕುನ್ಹಾ ಅವರಿಂದ ಮಣ್ಣು, ಕಲ್ಲುಗಳ ಕಟ್ಟಡಗಳನ್ನು ಕಟ್ಟಿಸಿದರು. 1990ರ ಮೇ ತಿಂಗಳಲ್ಲಿ ಅಂದಿನ ಪ್ರಧಾನಮಂತ್ರಿ ವಿ.ಪಿ. ಸಿಂಗ್ ಅವರಿಂದ ಉದ್ಘಾಟನೆಯಾಯಿತು. ಗುರುಕುಲ ಪದ್ಧತಿ: ಕಲಿಯುವವರು ಅಲ್ಲಿಯೇ ವಾಸಿಸಿ, ಬೆಳಗಿನಿಂದ ಸಂಜೆಯವರೆಗೆ ಅಭ್ಯಾಸ ಮಾಡುವುದು. ಹಲವು ನೃತ್ಯಶೈಲಿಗಳ ಗುರುಕುಲಗಳು ಒಂದೇ ಆವರಣದಲ್ಲಿ ಇರಬೇಕೆಂಬುದು ಮೂಲ ಯೋಜನೆ. ಕಾಲಕ್ರಮದಲ್ಲಿ ಒಡಿಸ್ಸಿಯೇ ಅದರ ಗುರುತಾಗಿ ನಿಂತಿತು. ಎಲ್ಲ ಸರಕನ್ನೂ ಇಡಲು ಹೋಗಿ ಕೊನೆಗೆ ಒಂದೇ ಸರಕಿನಲ್ಲಿ ಹೆಸರು ಮಾಡಿದ ಅಂಗಡಿಗಳನ್ನು ನಾವೂ ನೋಡಿದ್ದೇವೆ.

ಸಮೀಪದಲ್ಲಿ ಕುಟೀರಂ ಎಂಬ ವಿಹಾರಧಾಮವೂ ನಿರ್ಮಾಣವಾಗಿ, ಅದರ ನಿರ್ವಹಣೆ ಕೆಲಕಾಲ ತಾಜ್ ಸಮೂಹದ ಕೈಯಲ್ಲಿತ್ತು. ಪ್ರತಿವರ್ಷ ವಸಂತಹಬ್ಬವೆಂಬ ಅಹೋರಾತ್ರಿ ಸಂಗೀತ-ನೃತ್ಯೋತ್ಸವ ನಡೆಯುತ್ತಿತ್ತು. ಪ್ರವೇಶ ಉಚಿತ. ಸಾವಿರಾರು ಜನ ಬೆಂಗಳೂರಿನಿಂದಲೂ, ಸುತ್ತಲಿನ ಹಳ್ಳಿಗಳಿಂದಲೂ ಬಂದು ಬಯಲಿನಲ್ಲಿ ಕುಳಿತು ಬೆಳಗಾಗುವವರೆಗೆ ನೋಡುತ್ತಿದ್ದರು. 2004ರ ಬಳಿಕ ಅದು ನಿಂತಿತು. ಪ್ರಾಯೋಜಕರ ಹಣ ಸಾಲದೇ ಹೋದದ್ದು ಮುಖ್ಯ ಕಾರಣಗಳಲ್ಲೊಂದು. ನೆರೆದ ಜನಸಂಖ್ಯೆಯನ್ನೇ ಯಶಸ್ಸೆಂದು ಎಣಿಸುವ ನಮಗೆ ಇದು ವಿಚಿತ್ರವೆನಿಸಬಹುದು. ಪ್ರವೇಶ ದರವಿಲ್ಲದ ಉತ್ಸವಕ್ಕೆ ಪ್ರೇಕ್ಷಕ ಹೆಚ್ಚಿದಷ್ಟೂ ಶಾಮಿಯಾನ, ನೀರು, ಶೌಚಾಲಯ, ಭದ್ರತೆಯ ಖರ್ಚು ಹೆಚ್ಚುತ್ತದೆ. ಆದಾಯ ಮಾತ್ರ ಇದ್ದಲ್ಲಿಯೇ ಇರುತ್ತದೆ.

ಇದಕ್ಕೂ ಮುಂಚೆಯೇ ದೊಡ್ಡ ಪೆಟ್ಟೊಂದು ಬಿದ್ದಿತ್ತು. 1998ರ ಆಗಸ್ಟ್‌ನಲ್ಲಿ ಕೈಲಾಸ ಮಾನಸಸರೋವರ ಯಾತ್ರೆಯ ಮಾರ್ಗದಲ್ಲಿ ಮಾಲ್ಪಾ ಎಂಬಲ್ಲಿ ನಡೆದ ಭೂಕುಸಿತದಲ್ಲಿ ಪ್ರೋತಿಮಾ ಮೃತಪಟ್ಟರು. ಸ್ಥಾಪಕರ ವ್ಯಕ್ತಿತ್ವದ ಮೇಲೆಯೇ ನಿಂತ ಸಂಸ್ಥೆಗಳು ಇಂಥ ಸಂದರ್ಭದಲ್ಲಿ ಮುಚ್ಚಿಹೋಗುವುದೇ ಸಾಮಾನ್ಯ. ನೃತ್ಯಗ್ರಾಮ ಮುಚ್ಚಲಿಲ್ಲ. ಆಡಳಿತವನ್ನೂ ಬೆಳಕಿನ ವಿನ್ಯಾಸವನ್ನೂ ಲಿನ್ ಫರ್ನಾಂಡಿಸ್ ನೋಡಿಕೊಂಡರು. ಕಲಾನಿರ್ದೇಶನ ಹಾಗೂ ನೃತ್ಯಸಂಯೋಜನೆಯನ್ನು, ಅಲ್ಲಿನ ಮೊದಲ ವಿದ್ಯಾರ್ಥಿನಿಯರಲ್ಲಿ ಒಬ್ಬರಾದ ಸುರೂಪಾ ಸೇನ್ ವಹಿಸಿಕೊಂಡರು. 1993ರಲ್ಲಿ ಬಂದು ಸೇರಿದ್ದ ಬಿಜಯಿನಿ ಸತ್ಪತಿ ಬೋಧನೆಯ ಹೊಣೆ ಹೊತ್ತರು. ಸುತ್ತಲಿನ ಹಳ್ಳಿಯ ಮಕ್ಕಳಿಗೆ ನಡೆಸುತ್ತಿದ್ದ ತರಗತಿಗಳಿಂದ ಬಂದ ಪವಿತ್ರಾ ರೆಡ್ಡಿ ತಂಡದ ಪ್ರಮುಖ ನರ್ತಕಿಯಾದರು. ಅಂದರೆ ಯಜಮಾನಿಕೆ, ಉತ್ಪಾದನೆ, ತರಬೇತಿ ಮೂರೂ ಬೇರೆ ಬೇರೆ ಕೈಗಳಲ್ಲಿದ್ದವು. ಸ್ಥಾಪಕಿ ಇಲ್ಲವಾದಾಗ ಎರಡನೆಯ ಸಾಲು ಸಿದ್ಧವಾಗಿತ್ತು. ನಮ್ಮ ಕುಟುಂಬದ ಉದ್ದಿಮೆಗಳಲ್ಲಿ ಎಷ್ಟಕ್ಕೆ ಈ ಮಾತು ಅನ್ವಯಿಸೀತು ಎಂದು ನಾನು ಕೇಳಲು ಹೋಗುವುದಿಲ್ಲ.

1990ರ ದಶಕದ ನಡುವಿನಿಂದ ಈ ತಂಡ ಅಮೆರಿಕದಲ್ಲಿ ನಿಯಮಿತವಾಗಿ ಪ್ರದರ್ಶನ ನೀಡಲಾರಂಭಿಸಿತು. 2012ರಲ್ಲಿ ಶ್ರೀಲಂಕಾದ ಚಿತ್ರಸೇನ ತಂಡದೊಡನೆ ಸೇರಿ 'ಸಂಹಾರ' ಎಂಬ ನೃತ್ಯರೂಪಕವನ್ನು ಸಿದ್ಧಪಡಿಸಿತು. ಮುಂದೆ ಸಂಸ್ಥೆಯಿಂದ ಹೊರಬಂದು ಸ್ವತಂತ್ರವಾಗಿ ಸಂಯೋಜನೆ ಆರಂಭಿಸಿದ ಬಿಜಯಿನಿಯವರು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಕಲಾ ಸಂಗ್ರಹಾಲಯದ 2021-22ನೆಯ ಸಾಲಿನ ಆಹ್ವಾನಿತ ಕಲಾವಿದೆಯಾಗಿದ್ದರು. ಹೆಸರಘಟ್ಟದ ಸರಕು ರಫ್ತಾಗುತ್ತದೆ ಎಂಬುದರಲ್ಲಿ ಸಂಶಯವಿಲ್ಲ.

ರಫ್ತಿನ ತೆರಿಗೆಯ ಕಥೆ ಮಾತ್ರ ಸಿಹಿಯಾಗಿಲ್ಲ. ಹಿಂದೆ 1961ರ ಆದಾಯ ತೆರಿಗೆ ಕಾಯ್ದೆಯ 80ಆರ್‌ಆರ್ ಕಲಮಿನ ಪ್ರಕಾರ ಲೇಖಕ, ಕಲಾವಿದ, ಸಂಗೀತಗಾರ, ನಟ, ಕ್ರೀಡಾಪಟು ಮುಂತಾದವರು ವಿದೇಶದಲ್ಲಿ ಗಳಿಸಿ ಭಾರತಕ್ಕೆ ತಂದ ವೃತ್ತಿ ಆದಾಯದಲ್ಲಿ ಶೇ. 75ರವರೆಗೆ ವಿನಾಯಿತಿ ಇತ್ತು. ವಸ್ತುಗಳ ರಫ್ತಿಗೆ ಇದ್ದ 80ಎಚ್‌ಎಚ್‌ಸಿಯಂತೆಯೇ ಇದನ್ನೂ ಹಂತಹಂತವಾಗಿ ಇಳಿಸಿ, 2005-06ನೆಯ ಕರನಿರ್ಧಾರಣಾ ವರ್ಷದಿಂದ ಪೂರ್ತಿಯಾಗಿ ತೆಗೆದುಹಾಕಲಾಯಿತು. ಅತ್ತ ಅಮೆರಿಕದಲ್ಲಿ ವಿದೇಶೀ ಕಲಾವಿದರ ಸಂಭಾವನೆಯಿಂದ ಸಾಮಾನ್ಯವಾಗಿ ಶೇ. 30ರಷ್ಟು ತೆರಿಗೆಯನ್ನು ಮೂಲದಲ್ಲಿಯೇ ಕಡಿಯುತ್ತಾರೆ, ಅದೂ ಖರ್ಚು ಕಳೆಯದೆ ಒಟ್ಟು ಮೊತ್ತದ ಮೇಲೆ. ಅಲ್ಲಿನ ಇಲಾಖೆಯೊಡನೆ ಮುಂಚಿತವಾಗಿ ಒಪ್ಪಂದ ಮಾಡಿಕೊಂಡರೆ ನಿವ್ವಳ ಆದಾಯಕ್ಕೆ ಸೀಮಿತಗೊಳಿಸಬಹುದು. ಕಡಿತವಾದ ತೆರಿಗೆಗೆ ನಮ್ಮಲ್ಲಿ ಜಮೆ ಸಿಗುವುದು ಅದೇ ಆದಾಯದ ಮೇಲೆ ಇಲ್ಲಿ ಬೀಳುವ ತೆರಿಗೆಯ ಮಿತಿಯವರೆಗೆ ಮಾತ್ರ. ಹೆಚ್ಚಾದದ್ದು ಹೋದಂತೆಯೇ. ಪ್ರವಾಸಕ್ಕೆ ಹೊರಡುವ ಕಲಾವಿದರು ವೀಸಾದ ಜೊತೆಗೆ ಈ ಕಾಗದಪತ್ರವನ್ನೂ ಆರು ತಿಂಗಳು ಮುಂಚೆ ಸಿದ್ಧಪಡಿಸಬೇಕೆಂದು ನಾನು ಒತ್ತಾಯಿಸುವುದು ಇದಕ್ಕಾಗಿಯೇ.

ಒಂದು ಕಾರ್ಯಕ್ರಮದ ಲೆಕ್ಕ

ಇನ್ನು ನಮ್ಮ ಊರುಗಳ ಸಾಮಾನ್ಯ ಕಲಾವಿದೆಯ ಲೆಕ್ಕವನ್ನು ನೋಡೋಣ. ಅಂಕಿಗಳು ಉದಾಹರಣೆಗಾಗಿ ಮಾತ್ರ. ಒಂದು ಉತ್ಸವ ಸಮಿತಿ ಭರತನಾಟ್ಯ ಕಾರ್ಯಕ್ರಮಕ್ಕೆ 60,000 ರೂಪಾಯಿ ಒಪ್ಪಿತೆನ್ನಿ. ನಟ್ಟುವಾಂಗ, ಹಾಡುಗಾರಿಕೆ, ಮೃದಂಗ, ಕೊಳಲು ಹೀಗೆ ನಾಲ್ವರಿಗೆ ತಲಾ 7,000ದಂತೆ 28,000. ಪ್ರಸಾಧನ ಮತ್ತು ಹೂವಿಗೆ 5,000. ವಾಹನಕ್ಕೆ 6,000. ಪೂರ್ವಾಭ್ಯಾಸದ ಸ್ಥಳ, ಊಟೋಪಚಾರಕ್ಕೆ 4,000. ಉಡುಪು, ಆಭರಣಗಳ ಸವಕಳಿ 3,000. ಒಟ್ಟು 46,000. ಉಳಿದದ್ದು 14,000. ಇಷ್ಟರಲ್ಲಿ ಸಮಿತಿಯವರು ವೃತ್ತಿಪರ ಶುಲ್ಕವೆಂದು ಪರಿಗಣಿಸಿ ಶೇ. 10ರಂತೆ 6,000 ಟಿ.ಡಿ.ಎಸ್. ಕಡಿದಿರುತ್ತಾರೆ, ಒಟ್ಟು ಮೊತ್ತದ ಮೇಲೆ. ಸವಕಳಿ ನಗದು ಖರ್ಚಲ್ಲವಾದ್ದರಿಂದ ಅಂದು ರಾತ್ರಿ ಕೈಯಲ್ಲಿ ಉಳಿಯುವುದು 11,000. ಅದರಲ್ಲಿ 3,000ವನ್ನು ಮುಂದಿನ ಉಡುಪಿಗೆಂದು ಎತ್ತಿಡದಿದ್ದರೆ ಎರಡು ವರ್ಷದಲ್ಲಿ ಸಾಲ ಮಾಡಬೇಕಾಗುತ್ತದೆ. ಕಡಿದ ತೆರಿಗೆ ಮರುಪಾವತಿಯಾಗಿ ಬರುವುದು ಮುಂದಿನ ವರ್ಷ ವಿವರಣಾಪಟ್ಟಿ ಸಲ್ಲಿಸಿದ ಮೇಲೆ. ಒಂದೂವರೆ ಗಂಟೆಯ ಪ್ರದರ್ಶನದ ಹಿಂದೆ ಹದಿನೈದು ಇಪ್ಪತ್ತು ದಿನಗಳ ಅಭ್ಯಾಸವಿರುತ್ತದೆ ಎಂಬುದನ್ನು ಈ ಲೆಕ್ಕದಲ್ಲಿ ನಾನು ಸೇರಿಸಿಯೇ ಇಲ್ಲ.

ಇದೂ ಸಮಿತಿ ಅಂದೇ ಚೆಕ್ಕು ಕೊಟ್ಟರೆ ಮಾತ್ರ. ನನ್ನ ಕಕ್ಷಿದಾರರೊಬ್ಬರಿಗೆ ಒಂದು ಸಂಸ್ಥೆಯಿಂದ ಹಣ ಬಂದದ್ದು ಎಂಟು ತಿಂಗಳ ಮೇಲೆ. ಅಷ್ಟರಲ್ಲಿ ಪಕ್ಕವಾದ್ಯದವರಿಗೆ ಅವರು ಕೈಯಿಂದಲೇ ಕೊಟ್ಟಿದ್ದರು. ಮತ್ತೆ ಕೆಲವರು ಹಣದ ಮಾತೆತ್ತಿದರೆ "ನಿಮಗೆ ವೇದಿಕೆ ಕೊಡುತ್ತಿದ್ದೇವಲ್ಲ" ಎನ್ನುತ್ತಾರೆ. ನೂಲಿನ ವ್ಯಾಪಾರಿಗೆ "ನಿಮ್ಮ ನೂಲನ್ನು ನಮ್ಮ ಮಗ್ಗದ ಮೇಲೆ ಏರಿಸುತ್ತಿದ್ದೇವಲ್ಲ, ದುಡ್ಡೇಕೆ?" ಎಂದು ಯಾರಾದರೂ ಕೇಳಿದ್ದಾರೆಯೇ?

ಹೀಗಾಗಿ ಹೆಚ್ಚಿನವರ ನಿಜವಾದ ಜೀವನಾಧಾರ ಪ್ರದರ್ಶನವಲ್ಲ, ತರಗತಿ. ತಿಂಗಳ ಶುಲ್ಕ, ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳ ತಯಾರಿ, ವರ್ಷಕ್ಕೊಂದೆರಡು ರಂಗಪ್ರವೇಶ. ಪ್ರದರ್ಶನ ಅವರಿಗೆ ಒಂದು ಬಗೆಯ ಜಾಹೀರಾತು ವೆಚ್ಚ. 2020ರಲ್ಲಿ ಕೋವಿಡ್ ಬಂದು ಸಭಾಂಗಣಗಳು ಮುಚ್ಚಿದಾಗ, ಮೊಬೈಲ್ ಪರದೆಯಲ್ಲಿ ತರಗತಿ ನಡೆಸಿದವರು ಹೇಗೋ ದಡ ಸೇರಿದರು. ಪ್ರದರ್ಶನವನ್ನೇ ನಂಬಿದ್ದ ತಂಡಗಳ ಹುಡುಗರು ಬೇರೆ ಕೆಲಸ ಹುಡುಕಿಕೊಂಡರು, ಅವರಲ್ಲಿ ಕೆಲವರು ಮರಳಲೇ ಇಲ್ಲ. ಮಂಡಿಯ ಅಥವಾ ಹಿಮ್ಮಡಿಯ ಗಾಯವೊಂದು ಆರು ತಿಂಗಳು ಮನೆಯಲ್ಲಿ ಕೂರಿಸಿಬಿಡಬಹುದು, ಭವಿಷ್ಯನಿಧಿಯಿಲ್ಲ, ಇ.ಎಸ್.ಐ. ಇಲ್ಲ. ನಲವತ್ತರ ಆಸುಪಾಸಿಗೆ ಶರೀರ ಸಹಕರಿಸದಾದಾಗ ಕಲಿಸುವ ವಿದ್ಯೆ ಇದ್ದವರು ಮಾತ್ರ ವೃತ್ತಿಯಲ್ಲಿ ಉಳಿಯುತ್ತಾರೆ. ವೈಯಕ್ತಿಕ ಅಪಘಾತ ವಿಮೆ ಮತ್ತು ಪ್ರತಿ ಸಂಭಾವನೆಯಿಂದ ತಪ್ಪದೆ ಒಂದು ಪಾಲು ಉಳಿತಾಯ, ಈ ಎರಡನ್ನು ಮಾಡದೆ ಬೇರೆ ತೆರಿಗೆ ಯೋಜನೆಯ ಮಾತನ್ನು ನಾನು ಅವರೊಡನೆ ಆಡುವುದೇ ಇಲ್ಲ.

ಕಾನೂನು ಯಾರನ್ನು ಕಲಾವಿದನೆನ್ನುತ್ತದೆ?

ಚಿತ್ರರಂಗದಲ್ಲಿ ಚಿತ್ರ ಬೇರೆ. ಕನ್ನಡ ಚಿತ್ರೋದ್ಯಮ ಬಹುಕಾಲ ಮದರಾಸಿನಲ್ಲಿಯೇ ನೆಲೆಸಿದ್ದುದರಿಂದ ನೃತ್ಯನಿರ್ದೇಶಕರೂ ಅಲ್ಲಿಯೇ ನೆಲೆಸಿದರು. ಮೈಸೂರು ಜಿಲ್ಲೆಯ ಮೂಗೂರಿನ ಸುಂದರ್ ಮಾಸ್ಟರ್ ಅಲ್ಲಿ ಹೆಸರು ಮಾಡಿದರು. ಅವರ ಪುತ್ರ ಪ್ರಭುದೇವ ನೃತ್ಯಸಂಯೋಜನೆಗಾಗಿ ಎರಡು ಬಾರಿ ರಾಷ್ಟ್ರಪ್ರಶಸ್ತಿ ಪಡೆದರು. ಎ. ಹರ್ಷ ಅವರಂತೆ ನೃತ್ಯನಿರ್ದೇಶನದಿಂದ ಚಿತ್ರನಿರ್ದೇಶನಕ್ಕೆ ಬಡ್ತಿ ಪಡೆದವರೂ ಇದ್ದಾರೆ. ಅವರ 'ಭಜರಂಗಿ' 2013ರಲ್ಲಿ ತೆರೆಕಂಡಿತು.

ತೆರಿಗೆ ಕಾನೂನಿಗೂ ಚಿತ್ರರಂಗವೇ ಅಚ್ಚುಮೆಚ್ಚು. 1961ರ ಕಾಯ್ದೆಯಡಿ ಅಧಿಸೂಚಿತ ವೃತ್ತಿಗಳ ಪಟ್ಟಿಯಲ್ಲಿ 'ಚಲನಚಿತ್ರ ಕಲಾವಿದ' ಎಂಬುದಿದ್ದು, ಅದರಲ್ಲಿ ನೃತ್ಯನಿರ್ದೇಶಕ ಹಾಗೂ ಸಹಾಯಕ ನೃತ್ಯನಿರ್ದೇಶಕರನ್ನು ಹೆಸರಿಸಲಾಗಿತ್ತು. ಆದ್ದರಿಂದ 44ಎಡಿಎ ಕಲಮಿನಡಿ ಸ್ವೀಕೃತಿಯ ಶೇ. 50ನ್ನು ಆದಾಯವೆಂದು ತೋರಿಸಿ, ವಿವರವಾದ ಲೆಕ್ಕಪುಸ್ತಕದ ರಗಳೆಯಿಂದ ಪಾರಾಗುವ ಸೌಲಭ್ಯ ಅವರಿಗಿತ್ತು. ನಾಯಕಿಯ ಹಿಂದೆ ಸಾಲಾಗಿ ಕುಣಿಯುವ ಗುಂಪುನರ್ತಕರ ಹೆಸರು ಆ ಪಟ್ಟಿಯಲ್ಲಿರಲಿಲ್ಲ. ಸಭೆಯ ವೇದಿಕೆಯಲ್ಲಿ ಇಡೀ ನೃತ್ಯರೂಪಕವನ್ನು ಸಂಯೋಜಿಸುವವರ ಹೆಸರೂ ಇರಲಿಲ್ಲ. ಒಬ್ಬನೇ ಮನುಷ್ಯ, ಒಂದೇ ಕೆಲಸ. ಕ್ಯಾಮೆರಾ ಇದ್ದರೆ ಒಂದು ನ್ಯಾಯ, ಇಲ್ಲದಿದ್ದರೆ ಇನ್ನೊಂದು. 2026ರ ಏಪ್ರಿಲ್ 1ರಿಂದ ಜಾರಿಯೆಂದು ನಿಗದಿಯಾದ 2025ರ ಹೊಸ ಕಾಯ್ದೆಯಲ್ಲಿ ಕಲಮುಗಳ ಸಂಖ್ಯೆಗಳೆಲ್ಲ ಬದಲಾಗಿರುವುದರಿಂದ ಹಳೆಯ ಸಂಖ್ಯೆಗಳನ್ನೇ ನೆಚ್ಚಿಕೊಳ್ಳಬೇಡಿರಿ.

ಜಿ.ಎಸ್.ಟಿ.ಯಲ್ಲಿ ವಿಷಯ ಸ್ವಲ್ಪ ಉದಾರವಾಗಿದೆ. 2017ರ ವಿನಾಯಿತಿ ಅಧಿಸೂಚನೆಯಂತೆ ಜಾನಪದ ಅಥವಾ ಶಾಸ್ತ್ರೀಯ ನೃತ್ಯ ಪ್ರದರ್ಶನಕ್ಕೆ ಕಲಾವಿದ ಪಡೆಯುವ ಪ್ರತಿಫಲ 1,50,000 ರೂಪಾಯಿ ಮೀರದಿದ್ದರೆ ತೆರಿಗೆಯಿಲ್ಲ. ಉತ್ಪನ್ನವೊಂದರ ಪ್ರಚಾರ ರಾಯಭಾರಿಯಾದರೆ ಈ ವಿನಾಯಿತಿ ಅನ್ವಯಿಸದು. ಸಿನಿಮಾ ಹಾಡಿಗೆ ಕುಣಿಯುವುದು ಜಾನಪದವೂ ಅಲ್ಲ, ಶಾಸ್ತ್ರೀಯವೂ ಅಲ್ಲ. ಕಲೆಯ ತರಬೇತಿಗೆ ಇದ್ದ ವಿನಾಯಿತಿಯನ್ನು 2022ರ ಜುಲೈ 18ರಿಂದ ವ್ಯಕ್ತಿಗಳಿಗೆ ಮಾತ್ರ ಸೀಮಿತಗೊಳಿಸಲಾಗಿದೆ. ಆದುದರಿಂದ ಗೆಳೆಯರಿಬ್ಬರು ಸೇರಿ ಪಾಲುದಾರಿಕೆಯಲ್ಲಿ ನೃತ್ಯಶಾಲೆ ತೆರೆಯುವ ಮುನ್ನ ಒಮ್ಮೆ ಲೆಕ್ಕಿಗರ ಬಳಿ ಹೋಗುವುದು ಲೇಸು.

ಸಂಯೋಜಕರಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಕೃತಿಸ್ವಾಮ್ಯ. 1957ರ ಕಾಯ್ದೆಯಲ್ಲಿ 'ನಾಟಕ ಕೃತಿ' ಎಂಬುದರೊಳಗೆ ನೃತ್ಯಸಂಯೋಜನೆಯೂ ಸೇರುತ್ತದೆ. ಆದರೆ ಅದು ಬರವಣಿಗೆಯಲ್ಲಿ ಅಥವಾ ಬೇರೆ ರೂಪದಲ್ಲಿ ದಾಖಲಾಗಿರಬೇಕು. ಇದರ ಬೆಲೆ ತಿಳಿಯಲು ನಮ್ಮ ನಾಡಿನ ಒಂದು ಪ್ರಕರಣವೇ ಸಾಕು. ಡಾ. ಶಿವರಾಮ ಕಾರಂತರು ಯಕ್ಷಗಾನವನ್ನು ಪರಿಷ್ಕರಿಸಿ ಯಕ್ಷಗಾನ ಬ್ಯಾಲೆಯ ರೂಪವನ್ನು ಕಟ್ಟಿದರಷ್ಟೆ. 1994ರ ಉಯಿಲಿನಲ್ಲಿ ಅವರು ತಮ್ಮ ಹಕ್ಕುಗಳನ್ನು ಮಾಲಿನಿ ಮಲ್ಯ ಅವರಿಗೆ ಬಿಟ್ಟರು. 1997ರಲ್ಲಿ ಕಾರಂತರು ತೀರಿಕೊಂಡರು. 2001ರಲ್ಲಿ ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಷನ್ ಆ ಬ್ಯಾಲೆಯನ್ನು ದೆಹಲಿಯಲ್ಲಿ ಪ್ರದರ್ಶಿಸಿದಾಗ ವ್ಯಾಜ್ಯ ಹುಟ್ಟಿ, 2009ರಲ್ಲಿ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ನ್ಯಾಯಾಲಯವು ಬ್ಯಾಲೆಯನ್ನು ನಾಟಕ ಕೃತಿಯೆಂದು ಪರಿಗಣಿಸಿ ಉಯಿಲಿನ ಮೂಲಕ ಬಂದ ಹಕ್ಕನ್ನು ಎತ್ತಿಹಿಡಿಯಿತು. ಶೈಕ್ಷಣಿಕ ಸಂಸ್ಥೆಯ ಪ್ರದರ್ಶನವೇ ಮೊದಲಾಗಿ ಕಾಯ್ದೆಯಲ್ಲಿಯೇ ಇರುವ ವಿನಾಯಿತಿಗಳಿಗೆ ಅಡ್ಡಿಯಿಲ್ಲವೆಂದೂ ಸ್ಪಷ್ಟಪಡಿಸಿತು. ಕರ್ತೃವಿನ ಮರಣಾನಂತರ 60 ವರ್ಷಗಳವರೆಗೆ ಈ ಹಕ್ಕು ಉಳಿಯುತ್ತದೆ. ಕಾರಂತರ ಕೃತಿಗಳಿಗಾದರೆ 2057ರ ಅಂತ್ಯದವರೆಗೆ. ನಮ್ಮ ಸಂಯೋಜಕರಲ್ಲಿ ಉಯಿಲು ಬರೆದವರೆಷ್ಟು? ಸಂಯೋಜನೆಯನ್ನು ಕಾಗದದ ಮೇಲೆ ದಾಖಲಿಸಿಟ್ಟವರೆಷ್ಟು? ಚಿನ್ನದ ಬಳೆಗೆ ಲಾಕರು ಹಿಡಿಯುವವರು ಇಪ್ಪತ್ತು ವರ್ಷಗಳ ಕೃತಿಗಳನ್ನು ಶಿಷ್ಯರ ನೆನಪಿನಲ್ಲಿ ಬಿಟ್ಟಿರುತ್ತಾರೆ. ನರ್ತಕರಿಗೂ 1994ರ ತಿದ್ದುಪಡಿಯಿಂದ ಪ್ರದರ್ಶಕರ ಹಕ್ಕು ಬಂದಿದೆ. ಆ ವ್ಯಾಖ್ಯೆಯಲ್ಲಿ ನಟ, ಗಾಯಕ, ನರ್ತಕರ ಸಾಲಿನಲ್ಲಿಯೇ ಹಾವಾಡಿಗನೂ ಇದ್ದಾನೆ!

ವರ್ತಕರಿಗೆ ಇಲ್ಲಿ ಏನಿದೆ?

ಘಾಟಿ ಸುಬ್ರಹ್ಮಣ್ಯದ ಜಾತ್ರೆಯ ಕಾಲದಲ್ಲಿ, ಊರಹಬ್ಬಗಳಲ್ಲಿ ನಮ್ಮ ಕಡೆ ವೀರಗಾಸೆ, ಪೂಜಾಕುಣಿತ, ತಮಟೆಯ ತಂಡಗಳಿಗೆ ಬೇಡಿಕೆ ಹೆಚ್ಚು. ಅವರಲ್ಲಿ ಒಂದು ಹಳೆಯ ಪದ್ಧತಿಯಿದೆ: ವೀಳ್ಯ. ಎಲೆ ಅಡಿಕೆಯ ಮೇಲೆ ಮುಂಗಡ ಇಟ್ಟುಕೊಟ್ಟರೆ ಮಾತು ಆದಂತೆ; ಆಮೇಲೆ ಇಬ್ಬರೂ ತಪ್ಪುವಂತಿಲ್ಲ. ಕರಾವಳಿಯ ಯಕ್ಷಗಾನ ಮೇಳಗಳಲ್ಲಿಯೂ ಕಲಾವಿದರು ಮಳೆಗಾಲ ಮುಗಿಯುವ ಮುನ್ನವೇ ಇಡೀ ತಿರುಗಾಟಕ್ಕೆ ಗೊತ್ತಾಗಿರುತ್ತಾರೆ, ಹರಕೆಯಾಟಗಳು ವರ್ಷಗಟ್ಟಲೆ ಮುಂಚೆ ನಿಗದಿಯಾಗಿರುತ್ತವೆ. ಲಿಖಿತ ಕರಾರುಗಳ ಈ ಕಾಲದಲ್ಲಿ ನಗರದ ಕಾರ್ಯಕ್ರಮಗಳು ಒಂದು ಫೋನ್ ಕರೆಯ ಮೇಲೆ ನಿಂತಿರುವುದು ಸೋಜಿಗ. ಅರ್ಧ ಮುಂಗಡ, ಉಳಿದರ್ಧ ವೇದಿಕೆ ಏರುವ ಮುನ್ನ, ರದ್ದಾದರೆ ಎಷ್ಟು ಎಂಬುದನ್ನು ಒಂದು ಪುಟದಲ್ಲಿ ಬರೆದು ಸಹಿ ಮಾಡಿದರೆ ಸಾಕು. ಟಿ.ಡಿ.ಎಸ್. ಕಡಿದವರು ಅದನ್ನು ಸಕಾಲದಲ್ಲಿ ಸರ್ಕಾರಕ್ಕೆ ಕಟ್ಟಿ ಪ್ರಮಾಣಪತ್ರ ಕೊಡುವುದನ್ನೂ ಮರೆಯಬಾರದು.

ಇನ್ನೊಂದು ವಿಷಯ ನಮ್ಮ ಮಗ್ಗದವರಿಗೆ. ಭರತನಾಟ್ಯದ ಉಡುಪನ್ನು ರೇಷ್ಮೆ ಸೀರೆಯಿಂದಲೇ ಹೊಲಿಯುತ್ತಾರೆ. ಒಬ್ಬರ ನೃತ್ಯಕ್ಕಾದರೆ ಅಂಗಡಿಯ ಸೀರೆ ಸಾಕು. ಆದರೆ ಹನ್ನೆರಡು, ಹದಿನಾರು ಜನರ ನೃತ್ಯರೂಪಕಕ್ಕೆ ಒಂದೇ ಬಣ್ಣ, ಒಂದೇ ಅಂಚು, ಒಂದೇ ಪಾಕದಲ್ಲಿ ಅದ್ದಿದ ನೂಲು ಬೇಕು; ಬೆಳಕಿನಡಿಯಲ್ಲಿ ಎಳ್ಳಷ್ಟು ವ್ಯತ್ಯಾಸವೂ ಎದ್ದು ಕಾಣುತ್ತದೆ. ಅಂಗಡಿಯಲ್ಲಿ ಅಷ್ಟು ಪ್ರತಿ ಒಂದೇ ರೀತಿಯವು ದೊರೆಯುವುದು ಅಪರೂಪವಾದ್ದರಿಂದ ಸಂಯೋಜಕರು ಊರೂರು ಅಲೆಯುತ್ತಾರೆ. ಬೆವರಿಗೆ ಬಣ್ಣ ಬಿಡದ, ವಿಸರಿಯ ಮಡಿಕೆ ನಿಲ್ಲುವಷ್ಟು ಗಟ್ಟಿಯಾದ, ಹೆಚ್ಚು ತೂಕವಿಲ್ಲದ ಬಟ್ಟೆಯನ್ನು ಹದಿನಾರರ ಲೆಕ್ಕದಲ್ಲಿ ನೇಯ್ದುಕೊಡುವುದು ದೊಡ್ಡಬಳ್ಳಾಪುರದ ವಿದ್ಯುತ್ ಮಗ್ಗಕ್ಕೆ ಕಷ್ಟದ ಮಾತಲ್ಲ. ರಂಗಪ್ರವೇಶಗಳೂ ಶಾಲಾ ವಾರ್ಷಿಕೋತ್ಸವಗಳೂ ಒಟ್ಟಾಗಿ ಬರುವ ತಿಂಗಳುಗಳನ್ನು ತಿಳಿದುಕೊಂಡು, ಮದುವೆಯ ಸುಗ್ಗಿ ಇಳಿದಾಗ ಈ ಆರ್ಡರುಗಳನ್ನು ಹಿಡಿಯಬಹುದು. ಮಾದರಿ ತುಂಡುಗಳನ್ನು ಒಯ್ದು ಬೆಂಗಳೂರಿನ ನಾಲ್ಕು ನೃತ್ಯಶಾಲೆಗಳ ಬಾಗಿಲು ತಟ್ಟುವ ಖರ್ಚು ಒಂದು ದಿನದ ಬಸ್ ಚಾರ್ಜು ಮಾತ್ರ.